ಮನೆಪಟ್ಟಿಯಲ್ಲಿ ಹೆಸರಿಲ್ಲದವರ ಲೆಕ್ಕ



ಮುಂಬಯಿ ನಗರಪಾಲಿಕೆಯು ದೇಶದಲ್ಲೇ ಶ್ರೀಮಂತ ನಗರಪಾಲಿಕೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಬೆಳಗಿನ ಚಹಾಕ್ಕೆ ಬಂದು ಪತ್ರಿಕೆ ಬಿಡಿಸುವ ಗಿರಾಕಿಗಳ ಬಾಯಲ್ಲಿ ಈ ಮಾತು ದಿನವೂ ಬರುತ್ತದೆ. “ಬೇರೆ ಊರಿನ ಪಾಲಿಕೆಗಳು ಸಾಲದಲ್ಲಿ ಮುಳುಗಿವೆ. ನಮ್ಮದು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಕುಳಿತಿದೆ. ಸಣ್ಣ ಮನೆಗಳಿಗೆ ಮನೆಪಟ್ಟಿಯೂ ಮಾಫಿ. ಇನ್ನೇನು ಬೇಕು?” ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. “ಈ ಝೋಪಡಪಟ್ಟಿಯವರು, ಹೊಟೇಲಿನ ಹುಡುಗರು ಒಂದು ಕಾಸು ಪಟ್ಟಿ ಕಟ್ಟುವುದಿಲ್ಲ. ಆದರೂ ನೀರು ಕೊಡಿ, ಶೌಚಾಲಯ ಕೊಡಿ ಎಂದು ಬೊಬ್ಬೆ ಹಾಕುತ್ತಾರೆ.”

ಈ ಎರಡು ಮಾತುಗಳಿಗೂ ಉತ್ತರ ಕೊಡಬೇಕಾಗಿದೆ. ಎರಡೂ ಒಂದೇ ಸುಳ್ಳಿನ ಎರಡು ಮುಖಗಳು. ಪಟ್ಟಿಯ ಬಿಲ್ಲು ಯಾರ ಹೆಸರಿಗೆ ಬರುತ್ತದೋ ಅವನೇ ಊರನ್ನು ಸಾಕುವವನು ಎಂಬುದು ಆ ಸುಳ್ಳು. ಕಾಂದಿವಲಿಯಲ್ಲಿ ದುಡಿಯುವ ನಾವು ಈ ಲೆಕ್ಕವನ್ನು ಒಮ್ಮೆ ತಿರುಗಿಸಿ ನೋಡೋಣ.

ಯಾರ ದುಡ್ಡು?

2025-26ನೇ ಸಾಲಿನ ಮುಂಬಯಿ ನಗರಪಾಲಿಕೆಯ ಆಯವ್ಯಯ ಪತ್ರವು 74,427 ಕೋಟಿ ರೂಪಾಯಿಗಳದ್ದು. ಅದರ ಆದಾಯದ ಪುಟವನ್ನು ತೆಗೆದು ನೋಡಿ. ಆಸ್ತಿ ತೆರಿಗೆ, ಅಂದರೆ ಮನೆಪಟ್ಟಿಯಿಂದ ಬರಬೇಕೆಂದು ಅಂದಾಜು ಮಾಡಿದ್ದು 5,200 ಕೋಟಿ. ಜಕಾತಿಯ ಬದಲಿಗೆ ಸರಕಾರ ಕೊಡುವ ಪರಿಹಾರ 14,398 ಕೋಟಿ. ಯಾವುದು ದೊಡ್ಡದು ಎಂದು ತಿಳಿಯಲು ಶಾಲೆಗೆ ಹೋಗಬೇಕಾಗಿಲ್ಲ. ಮನೆಪಟ್ಟಿಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಹಣ ಜಕಾತಿಯ ಹೆಸರಿನಲ್ಲಿ ಬರುತ್ತದೆ.

ಜಕಾತಿ ಎಂದರೇನು? ದಹಿಸರ್ ನಾಕೆಯಲ್ಲಿ, ಮುಲುಂಡ್ ನಾಕೆಯಲ್ಲಿ ಲಾರಿ ನಿಲ್ಲಿಸಿ ಒಳಗೆ ಬರುವ ಸಾಮಾನಿನ ಮೇಲೆ ವಸೂಲು ಮಾಡುತ್ತಿದ್ದ ತೆರಿಗೆ. ಹಳಬರಿಗೆ ಆ ಲಾರಿಗಳ ಸಾಲು ನೆನಪಿರಬಹುದು. ಲಾರಿಯವನು ಕಟ್ಟಿದ ಜಕಾತಿಯನ್ನು ವ್ಯಾಪಾರಿ ಬೆಲೆಗೆ ಸೇರಿಸುತ್ತಿದ್ದ. ಆ ಬೆಲೆಯನ್ನು ಸಾಬೂನು, ಬಟ್ಟೆ, ಚಪ್ಪಲಿ, ಸ್ಟವ್ವು ಕೊಂಡ ನಾವು ತೆರುತ್ತಿದ್ದೆವು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಜಕಾತಿ ನಿಂತಿತು. ಆಗ ನಗರಪಾಲಿಕೆಗೆ ನಷ್ಟವಾಗಬಾರದೆಂದು ರಾಜ್ಯ ಸರಕಾರವು ವರ್ಷ ವರ್ಷ ಏರುವ ಪರಿಹಾರವನ್ನು ಕೊಡತೊಡಗಿತು. ಸರಕಾರಕ್ಕೆ ಆ ಹಣ ಎಲ್ಲಿಂದ ಬಂತು? ನಾವು ಕೊಳ್ಳುವ ಒಂದೊಂದು ಸಾಮಾನಿನ ಮೇಲಿನ ತೆರಿಗೆಯಿಂದಲೇ. ನಾಕೆ ಹೋಯಿತು, ಕಿಸೆಗೆ ಬಿದ್ದ ಕತ್ತರಿ ಹೋಗಲಿಲ್ಲ.

ಇನ್ನು ಮನೆಪಟ್ಟಿಯನ್ನೇ ತೆಗೆದುಕೊಳ್ಳಿ. ಹೊಟೇಲಿನ ಗಾಳೆಗೆ ಬರುವ ಪಟ್ಟಿಯನ್ನು ಮಾಲಕರು ತಮ್ಮ ಮನೆಯ ಬಂಗಾರ ಮಾರಿ ಕಟ್ಟುತ್ತಾರೆಯೇ? ಅದು ಇಡ್ಲಿ-ವಡೆಯ ದರದೊಳಗೆ ಸೇರಿರುತ್ತದೆ. ದರ ಏರಿಸಲು ಆಗದಿದ್ದರೆ ನಮ್ಮ ಪಗಾರದಿಂದ ಹೊರಡುತ್ತದೆ. ಖೋಲಿಯ ಮಾಲಕನಿಗೆ ತೆರಿಗೆ ಹೆಚ್ಚಾದರೆ ಬಾಡಿಗೆ ಹೆಚ್ಚುತ್ತದೆ. ಹಾಗೆ ಹೆಚ್ಚಿಸಲು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲೇ ದಾರಿಯಿದೆ. ಬಿಲ್ಲಿನ ಮೇಲೆ ಹೆಸರು ಮಾಲಕರದ್ದು, ಬೆವರು ನಮ್ಮದು. ಆದುದರಿಂದ “ಪಟ್ಟಿ ಕಟ್ಟದವರು” ಎಂದು ನಮ್ಮನ್ನು ಕರೆಯುವವರಿಗೆ ನಾವು ಹೇಳುವುದಿಷ್ಟೆ: ಈ ಊರಿನಲ್ಲಿ ಹೆಸರಿಲ್ಲದೆ, ರಶೀದಿಯಿಲ್ಲದೆ, ವಿನಾಯಿತಿಯೂ ಇಲ್ಲದೆ ತೆರಿಗೆ ಕಟ್ಟುವವರು ನಾವು.

ಯಾರಿಗೆ ಮಾಫಿ, ಯಾರಿಗೆ ಬರೆ?

2022ರ ಜನವರಿ 1ರಿಂದ ಮುಂಬಯಿ ನಗರಪಾಲಿಕೆಯ ಗಡಿಯೊಳಗೆ 500 ಚದರ ಅಡಿಗಿಂತ ಚಿಕ್ಕ ವಾಸದ ಮನೆಗಳಿಗೆ ಆಸ್ತಿ ತೆರಿಗೆಯನ್ನು ಪೂರ್ತಿ ಮಾಫಿ ಮಾಡಲಾಯಿತು. ಸುಮಾರು 16 ಲಕ್ಷ ಮನೆಗಳಿಗೆ ಇದರಿಂದ ಅನುಕೂಲವೆಂದು ಆಗ ಹೇಳಿದರು. ನಾವು ಇದನ್ನು ವಿರೋಧಿಸುವವರಲ್ಲ. ಚಾರ್ಕೋಪಿನ ಚಿಕ್ಕ ಮನೆಗಳಲ್ಲಿ, ಹಳೆಯ ಚಾಳುಗಳಲ್ಲಿ ಇರುವ ನಮ್ಮವರಿಗೂ ಇದರಿಂದ ಒಂದಿಷ್ಟು ಉಸಿರು ಬಂದಿದೆ.

ಆದರೆ ಮೂರೇ ವರ್ಷಗಳ ಬಳಿಕ, 2025ರ ಆಯವ್ಯಯ ಪತ್ರದಲ್ಲಿ ಅದೇ ಪಾಲಿಕೆ ಏನು ಹೇಳಿತು? ಝೋಪಡಪಟ್ಟಿಗಳಲ್ಲಿ ವ್ಯಾಪಾರಕ್ಕೆ ಬಳಕೆಯಾಗುವ ಸುಮಾರು 50 ಸಾವಿರ ಗಾಳೆಗಳಿವೆ, ಅಂಗಡಿ, ಗೋದಾಮು, ಹೊಟೇಲು ಎಲ್ಲವಕ್ಕೂ ತೆರಿಗೆ ಹಾಕಿ ವರ್ಷಕ್ಕೆ 350 ಕೋಟಿ ಎತ್ತಬೇಕು ಎಂದಿತು. ದಾಮು ನಗರದಲ್ಲಿ, ಪೋಯಿಸರಿನಲ್ಲಿ ಹತ್ತಡಿ ಜಾಗದಲ್ಲಿ ಚಹಾ ಕಾಸುವವನೂ ಈಗ ಆದಾಯದ ಮೂಲವೆಂದು ಕಾಣಿಸಿದನು. ತೆರಿಗೆ ಹಾಕುವುದಾದರೆ ನೀರಿನ ನಳ, ಗಟಾರ, ದಾರಿದೀಪವನ್ನು ಮೊದಲು ಕೊಡಬೇಡವೇ? ಸೌಕರ್ಯ ಕೇಳುವಾಗ “ನೀವು ಅನಧಿಕೃತರು”, ಹಣ ಕೇಳುವಾಗ “ನೀವು ನಮ್ಮವರು”. ಇದು ಯಾವ ಊರಿನ ನ್ಯಾಯ?

ಇನ್ನು ಗಡಿಯ ಆಚೆಗೆ ನೋಡಿ. ಕಾಂದಿವಲಿಯಲ್ಲಿ ಖೋಲಿಯ ಡಿಪಾಸಿಟ್ಟಿಗೆ ಹಣ ಹೊಂದಿಸಲಾರದ ನಮ್ಮ ಸಾವಿರಾರು ಬಂಧುಗಳು ಮೀರಾ ರೋಡ್, ಭಾಯಂದರ್, ನಾಲಾಸೋಪಾರಾ, ವಿರಾರಿಗೆ ಹೋಗಿ ನೆಲೆಸಿದ್ದಾರೆ. ಮುಂಬಯಿಯ ಮಾಫಿ ದಹಿಸರ್ ದಾಟುವುದಿಲ್ಲ. ನಾಲ್ಕುನೂರು ಅಡಿಯ ಮನೆಗೆ ಅಲ್ಲಿ ಅವರು ಪಟ್ಟಿ ಕಟ್ಟಬೇಕು. 2002ರಲ್ಲಿ ಮಹಾನಗರಪಾಲಿಕೆಯಾದ ಮೀರಾ-ಭಾಯಂದರಿಗೂ, 2009ರಲ್ಲಿ ಆದ ವಸಯಿ-ವಿರಾರಿಗೂ ಮುಂಬಯಿಯ ಹಾಗೆ ಜಕಾತಿಯಿಂದ ತುಂಬಿದ ಬೊಕ್ಕಸವಿಲ್ಲ. ಇವೆರಡಕ್ಕೂ ದಿನಕ್ಕೆ 403 ದಶಲಕ್ಷ ಲೀಟರ್ ನೀರು ತರುವ ಸೂರ್ಯಾ ಯೋಜನೆಯಿಂದ ವಸಯಿ-ವಿರಾರಿಗೆ ನೀರು ಬರಲು 2023 ಬರಬೇಕಾಯಿತು. ಅಷ್ಟು ವರ್ಷ ಜನ ಟ್ಯಾಂಕರ್ ಕಾದರು.

ಈ ಜನ ಬೆಳಗಿನ ಲೋಕಲ್ ಹಿಡಿದು ಮುಂಬಯಿಗೆ ಬಂದು ದುಡಿಯುತ್ತಾರೆ. ಅವರ ದುಡಿಮೆಯ ಫಲ ಮುಂಬಯಿಯ ಲೆಕ್ಕಕ್ಕೆ, ಅವರ ಕಸ, ನೀರು, ಮಕ್ಕಳ ಶಾಲೆ ಬಡ ಪಾಲಿಕೆಯ ಲೆಕ್ಕಕ್ಕೆ. ಹೀಗಿರುವಾಗ ಎರಡು ಪಾಲಿಕೆಗಳನ್ನು ಅಕ್ಕಪಕ್ಕ ಇಟ್ಟು “ಇದು ಜಾಣ, ಅದು ದಡ್ಡ” ಎಂದು ಅಂಕ ಕೊಡುವುದು ಎಂಥ ಹೋಲಿಕೆ? ದುಡಿಯುವ ಎತ್ತನ್ನು ನೆರೆಮನೆಯ ಕೊಟ್ಟಿಗೆಯಲ್ಲಿ ಕಟ್ಟಿ, “ನನ್ನ ಮನೆಯಲ್ಲಿ ಮೇವಿನ ಖರ್ಚೇ ಇಲ್ಲ” ಎಂದು ಹೇಳಿದ ಹಾಗಾಯಿತು.

ಸಾಲವೆಂದರೆ ಯಾವುದು?

ಸಾಲದ ವಿಷಯಕ್ಕೆ ಬರೋಣ. ಸಾಲ ಮಾಡಿದ ಪಾಲಿಕೆಯೆಲ್ಲ ಕೆಟ್ಟದ್ದು, ಠೇವಣಿ ಇಟ್ಟದ್ದೆಲ್ಲ ಒಳ್ಳೆಯದು ಎಂಬ ಮಾತು ನಿಜವೆ?

ನಮ್ಮ ಬೆಂಗಳೂರನ್ನು ನೋಡಿ. ಅಲ್ಲಿನ ಪಾಲಿಕೆ ಸಾಲಕ್ಕಾಗಿ ಕೃಷ್ಣರಾಜ ಮಾರುಕಟ್ಟೆ, ಮೇಯೋ ಹಾಲ್ ಮೊದಲಾದ ಊರಿನ ಆಸ್ತಿಗಳನ್ನು ಅಡವಿಟ್ಟಿತ್ತು. ಆಮೇಲೆ ಅವನ್ನು ಬಿಡಿಸಿಕೊಳ್ಳಬೇಕಾಯಿತು. ಊರಿನ ಮಾರುಕಟ್ಟೆಯನ್ನು ಒತ್ತೆ ಇಡುವುದು ನಾಚಿಕೆಯ ಕೆಲಸವೇ ಸರಿ. ಆದರೆ ಅದೇ ಬೆಂಗಳೂರಿನಲ್ಲಿ ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಿ ಗುತ್ತಿಗೆ ಪದ್ಧತಿಯನ್ನು ಮುರಿದರು. 2025ರ ಮೇ ದಿನದಂದು 12 ಸಾವಿರಕ್ಕೂ ಮಿಕ್ಕಿದ ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ಸಿಕ್ಕಿತು. ಠೇವಣಿಯ ರಾಶಿಯ ಮೇಲೆ ಕುಳಿತ ಮುಂಬಯಿಯಲ್ಲಿ ಏನಾಯಿತು? 2,700 ಗುತ್ತಿಗೆ ಸಫಾಯಿ ಕಾರ್ಮಿಕರು ತಾವು ಪಾಲಿಕೆಯ ನೌಕರರೇ ಎಂದು ಸಾಬೀತು ಮಾಡಲು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2017ರಲ್ಲಿ ಅಲ್ಲಿ ಗೆದ್ದರು. ಯಾವ ಪಾಲಿಕೆ ಸಾಹುಕಾರ, ಯಾವುದು ದಿವಾಳಿ, ನೀವೇ ಹೇಳಿ.

ಅಹಮದಾಬಾದಿನ ಪಾಲಿಕೆಯು 1998ರಲ್ಲಿ ಸರಕಾರದ ಜಾಮೀನಿಲ್ಲದೆ 100 ಕೋಟಿಯ ಸಾಲಪತ್ರ ಹೊರಡಿಸಿತು. ಪುಣೆಯ ಪಾಲಿಕೆ 2017ರಲ್ಲಿ 200 ಕೋಟಿಯ ಸಾಲಪತ್ರ ಮಾರಿತು. ಎರಡೂ ಕಡೆ ನೀರಿನ ಕೆಲಸಕ್ಕೆ. ನೀರು ತರಲು ಮಾಡಿದ ಸಾಲವನ್ನು ಪಾಪವೆಂದು ಯಾರು ಹೇಳುತ್ತಾರೆ? ಮಗಳ ಓದಿಗೆ ಮಾಡುವ ಸಾಲ ಬೇರೆ, ಓಸಿ ಆಟಕ್ಕೆ ಮಾಡುವ ಸಾಲ ಬೇರೆ. ಇದು ನಮಗೆ ಗೊತ್ತು, ದೊಡ್ಡ ದೊಡ್ಡ ಲೆಕ್ಕಿಗರಿಗೆ ಗೊತ್ತಿಲ್ಲವೇ?

ಇನ್ನು ದೂರದ ಇಂಗ್ಲೆಂಡು. ಅಲ್ಲಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2023ರ ಸೆಪ್ಟೆಂಬರ್ 5ರಂದು ಕೈ ಚೆಲ್ಲಿತು. ಅಗತ್ಯದ ಖರ್ಚು ಬಿಟ್ಟು ಬೇರೆ ಯಾವ ಹೊಸ ಖರ್ಚನ್ನೂ ಮಾಡಲಾರೆವೆಂದು ನೋಟೀಸು ಹೊರಡಿಸಿತು. “ನೋಡಿ, ಕಾರ್ಮಿಕರಿಗೆ ಕೊಟ್ಟು ಕೊಟ್ಟು ದಿವಾಳಿಯಾಯಿತು” ಎಂದು ಇಲ್ಲಿಯೂ ಕೆಲವರು ಬೆರಳು ತೋರಿಸಿದರು. ನಿಜ ಸಂಗತಿ ತಿಳಿಯಿರಿ. ಅಲ್ಲಿನ ಹೊರೆಯ ದೊಡ್ಡದೊಂದು ಪಾಲು ಹೆಂಗಸರ ಬಾಕಿ ವೇತನ. ಅಡುಗೆ, ಸ್ವಚ್ಛತೆ, ಆರೈಕೆಯ ಕೆಲಸ ಮಾಡಿದ ಹೆಂಗಸರಿಗೆ, ಸಮಾನ ದರ್ಜೆಯ ಗಂಡಸರಿಗೆ ಸಿಕ್ಕಿದ್ದಕ್ಕಿಂತ ಕಡಿಮೆ ಕೊಟ್ಟು ಉಳಿಸಿದ ಹಣ. ಅದು 76 ಕೋಟಿ ಪೌಂಡಿನ ವರೆಗೆ ಹೋಗಬಹುದೆಂದು ಆಗ ಅಂದಾಜು ಮಾಡಿದರು. ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದು ಕೆಟ್ಟು ಹೋದದ್ದೂ ಅದಕ್ಕೆ ಸೇರಿತು. ಆಮೇಲೆ ಯಾರು ತೆತ್ತರು? 2024ರಲ್ಲಿ ಮನೆಗಳ ಮೇಲಿನ ತೆರಿಗೆ ನೂರಕ್ಕೆ 10ರಷ್ಟು ಏರಿತು. 2025ರಲ್ಲಿ ಕಸ ಒಯ್ಯುವ ಕಾರ್ಮಿಕರ ಹುದ್ದೆಗೆ, ಪಗಾರಕ್ಕೆ ಕೈ ಹಾಕಿದರು. ಅವರು ಮುಷ್ಕರ ಹೂಡಿದರು, ಬೀದಿ ಬೀದಿಯಲ್ಲಿ ಕಸದ ರಾಶಿ ಬಿತ್ತು.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಕಾರ್ಮಿಕನಿಗೆ ಇಂದು ಕೊಡದೆ ಉಳಿಸಿದ್ದು ಉಳಿತಾಯವಲ್ಲ. ಅದೂ ಸಾಲವೇ. ಪುಸ್ತಕದಲ್ಲಿ ಬರೆಯದ ಸಾಲ.

ಹಾಗಾದರೆ ಮುಂಬಯಿಯ ಪುಸ್ತಕದಲ್ಲಿ ಬರೆಯದ ಸಾಲ ಎಷ್ಟು? ಗಿರಣಿಯ ಬಂಧುಗಳು ಇದನ್ನು ಚೆನ್ನಾಗಿ ಬಲ್ಲರು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಂತೆ ಗಿರಣಿ ಭೂಮಿಯನ್ನು ಮಾರುವಾಗ ಮೂರರಲ್ಲಿ ಒಂದು ಪಾಲಿನಷ್ಟು ಬಯಲು ಮತ್ತು ಸೌಕರ್ಯಗಳಿಗೆಂದು ಪಾಲಿಕೆಗೆ, ಒಂದು ಪಾಲಿನಷ್ಟು ಮನೆ ಕಟ್ಟಲು ಮ್ಹಾಡಾಕ್ಕೆ ಬರಬೇಕಿತ್ತು. 2001ರಲ್ಲಿ ರಾಜ್ಯ ಸರಕಾರ ಆ ನಿಯಮವನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಊರಿಗೆ ಬರಬೇಕಾದ ಭೂಮಿ ಕೈತಪ್ಪಿತು. ಈ ನಷ್ಟವನ್ನು ಯಾವ ಆಯವ್ಯಯದಲ್ಲಿ ಸಾಲವೆಂದು ತೋರಿಸಿದ್ದಾರೆ?

ಇರಲಿ, ಬರೆದ ಲೆಕ್ಕವನ್ನೇ ನೋಡೋಣ. 2022ರಲ್ಲಿ ಪಾಲಿಕೆಯ ಠೇವಣಿ 91 ಸಾವಿರ ಕೋಟಿಯನ್ನು ದಾಟಿತ್ತು. 2025ರ ಹೊತ್ತಿಗೆ 82 ಸಾವಿರ ಕೋಟಿಯ ಆಸುಪಾಸಿಗೆ ಇಳಿಯಿತು. ಅದರಲ್ಲಿ ಒಂದು ದೊಡ್ಡ ಭಾಗ ಮುಟ್ಟಬಾರದ ಹಣ. ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರ ಇಡುಗಂಟು ಅದರಲ್ಲಿ ಸೇರಿದೆ. ಇತ್ತ ಒಪ್ಪಿಕೊಂಡ ಕಾಮಗಾರಿಗಳ ಹೊರೆ ಎರಡು ಲಕ್ಷ ಕೋಟಿಗೂ ಹೆಚ್ಚು. ಗಲ್ಲೆಯಲ್ಲಿ ನೋಟು ಕಾಣುತ್ತದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಾಣುವುದಿಲ್ಲ. ಇಂಥ ಹೊಟೇಲನ್ನು “ಒಳ್ಳೆ ನಡೆಯುತ್ತದೆ” ಎಂದು ಹೇಳುವವನು ಹೊಟೇಲಿನಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ.

ಖರ್ಚಿನ ಜಾಣತನ

ಖರ್ಚು ಹೇಗೆ ನಡೆದಿದೆ? ಮಹಾಲೇಖಪಾಲರು 2019ರ ನವೆಂಬರಿನಿಂದ 2022ರ ಅಕ್ಟೋಬರಿನ ತನಕದ ಸುಮಾರು 12 ಸಾವಿರ ಕೋಟಿಯ ಕೆಲಸಗಳನ್ನು ಪರೀಕ್ಷಿಸಿದರು. ಅವರ ವರದಿ 2023ರ ಮಾರ್ಚಿನಲ್ಲಿ ವಿಧಾನಸಭೆಯ ಮುಂದೆ ಬಂತು. 214 ಕೋಟಿಯ 20 ಕೆಲಸಗಳನ್ನು ಟೆಂಡರು ಕರೆಯದೆ ಕೊಟ್ಟಿದ್ದರು. 4,755 ಕೋಟಿಯ 64 ಕೆಲಸಗಳಲ್ಲಿ ಗುತ್ತಿಗೆದಾರರೊಡನೆ ಕರಾರು ಪತ್ರವೇ ಆಗಿರಲಿಲ್ಲ. 3,355 ಕೋಟಿಯ 13 ಕೆಲಸಗಳ ಗುಣಮಟ್ಟ ನೋಡಲು ಮೂರನೆಯವರ ತಪಾಸಣೆ ಇರಲಿಲ್ಲ.

ಬಂಧುಗಳೆ, ಮೋರಿಯಲ್ಲಿ ಒಂದು ಗ್ಲಾಸು ಒಡೆದರೆ ಪಗಾರದಲ್ಲಿ ಮುರಿದುಕೊಳ್ಳುವ ಮಾಲಕರನ್ನು ನಾವು ಕಂಡಿದ್ದೇವೆ. ನಾಲ್ಕು ಸಾವಿರದ ಏಳುನೂರು ಕೋಟಿಯ ಕೆಲಸಕ್ಕೆ ಒಂದು ಕಾಗದ ಬರೆದುಕೊಳ್ಳದ ಕಾರಭಾರಿಗಳ ಪಗಾರದಲ್ಲಿ ಯಾರು ಮುರಿದುಕೊಂಡರು?

ಇನ್ನೊಂದು ಲೆಕ್ಕ. ಮರೀನ್ ಡ್ರೈವಿನಿಂದ ವರ್ಳಿಯ ತನಕದ ಸಮುದ್ರ ತೀರದ ರಸ್ತೆ ಹತ್ತೂವರೆ ಕಿಲೋಮೀಟರು. ಅದರ ಖರ್ಚು 13 ಸಾವಿರ ಕೋಟಿಗೂ ಮಿಕ್ಕಿತು. ಅಂದರೆ ಕಿಲೋಮೀಟರಿಗೆ 1,200 ಕೋಟಿಗೂ ಹೆಚ್ಚು. ಅಲ್ಲಿ ಆಟೋರಿಕ್ಷಾಕ್ಕೆ, ಮೋಟಾರು ಸೈಕಲ್ಲಿಗೆ ಪ್ರವೇಶವಿಲ್ಲ. ಅದೇ ಪಾಲಿಕೆ ತನ್ನದೇ ಅಂಗವಾದ ಬೆಸ್ಟ್ ಸಂಸ್ಥೆಗೆ 2025-26ರಲ್ಲಿ ತೆಗೆದಿಟ್ಟ ಅನುದಾನ 1,000 ಕೋಟಿ. ಊರಿಡೀ ಓಡುವ ಬಸ್ಸುಗಳ ಒಂದು ವರ್ಷದ ಸಹಾಯವು ಆ ರಸ್ತೆಯ ಒಂದು ಕಿಲೋಮೀಟರಿಗೆ ಸಾಲದು! ಹಿಂದೆ 4 ಸಾವಿರಕ್ಕೂ ಹೆಚ್ಚು ಬಸ್ಸು ಇದ್ದಲ್ಲಿ ಈಗ ಬಸ್ಸುಗಳು ಕಡಿಮೆಯಾಗುತ್ತಾ ಬಂದಿವೆ. 2025ರ ಮೇ 9ರಿಂದ ಕನಿಷ್ಠ ಟಿಕೇಟು 5 ರೂಪಾಯಿಯಿಂದ 10ಕ್ಕೆ ಏರಿತು. ಲೋಖಂಡವಾಲಾದಿಂದ, ಚಾರ್ಕೋಪಿನಿಂದ ಕಾಂದಿವಲಿ ಸ್ಟೇಷನ್ನಿಗೆ ದಿನವೂ ಎರಡು ಹೊತ್ತು ಬಸ್ಸು ಹಿಡಿಯುವವರ ಕಿಸೆಯಿಂದ ಹೋದ ಈ ಐದೈದು ರೂಪಾಯಿ ತೆರಿಗೆಯಲ್ಲದೆ ಮತ್ತೇನು? ಸಾಹುಕಾರ ತಂದೆ, ಸಾಲಗಾರ ಮಗ. ತಂದೆಯ ಠೇವಣಿ ಹಾಗೇ ಇರಲೆಂದು ಮಗನು ಪ್ರಯಾಣಿಕರ ಹತ್ತಿರ ಬೇಡುತ್ತಿದ್ದಾನೆ.

ನೀರಿನ ಸಂಗತಿಯೂ ಹೀಗೆಯೇ. 2014ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು, ಝೋಪಡಿ ಅನಧಿಕೃತವಾದರೂ ಅದರಲ್ಲಿರುವ ಮನುಷ್ಯನಿಗೆ ನೀರು ನಿರಾಕರಿಸುವ ಹಾಗಿಲ್ಲ ಎಂದಿತು. “ಎಲ್ಲರಿಗೂ ನೀರು” ಎಂಬ ಧೋರಣೆಯನ್ನು ಪಾಲಿಕೆ ಜಾರಿಗೆ ತಂದದ್ದು 2022ರ ಮೇ ತಿಂಗಳಲ್ಲಿ. ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಠೇವಣಿ ಇತ್ತು, ಕೋರ್ಟಿನ ಮಾತಿತ್ತು, ಇಲ್ಲದಿದ್ದುದು ಮನಸ್ಸು. ಸರಕಾರಿ ನಳದವನಿಗೆ ಸಾವಿರ ಲೀಟರಿಗೆ ಕೆಲವೇ ರೂಪಾಯಿ. ನಳವಿಲ್ಲದವನು ಕ್ಯಾನಿನ ಲೆಕ್ಕದಲ್ಲಿ ಅದರ ಎಷ್ಟೋ ಪಟ್ಟು ತೆರುತ್ತಾನೆ. ಬಡವನಿಗೇ ಎಲ್ಲವೂ ತುಟ್ಟಿ!

ಕೇಳುವವರು ಯಾರು?

2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿ 15ರಂದು. ನಾಲ್ಕು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲ ಜನರ ಒಬ್ಬ ಪ್ರತಿನಿಧಿಯೂ ಇಲ್ಲದೆ ಲಕ್ಷಾಂತರ ಕೋಟಿಯ ಲೆಕ್ಕ ನಡೆಯಿತು. ಬೆಂಗಳೂರಿನಲ್ಲಿಯೂ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆ ಆಗಲಿಲ್ಲ. ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಸಾಲದ ಪಾಲಿಕೆ, ಠೇವಣಿಯ ಪಾಲಿಕೆ ಎರಡೂ ಈ ಒಂದು ವಿಷಯದಲ್ಲಿ ಸಮಾನ: ಜನರನ್ನು ಕೇಳಲಿಲ್ಲ.

ಈಗ 227 ಜನ ನಗರಸೇವಕರು ಬಂದಿದ್ದಾರೆ. ಮತ ಕೇಳಲು ನಮ್ಮ ಗಲ್ಲಿಗೆ ಬಂದವರನ್ನು ಲೆಕ್ಕ ಕೇಳಲು ನಾವು ಅವರ ಬಾಗಿಲಿಗೆ ಹೋಗಬೇಕು.

2011ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ನೂರರಲ್ಲಿ 40ಕ್ಕೂ ಹೆಚ್ಚು ಜನ ಝೋಪಡಪಟ್ಟಿಯವರು. 2025-26ರ ಆಯವ್ಯಯವನ್ನು ಆ ತಲೆಗಳಿಗೆ ಹಂಚಿದರೆ ತಲೆಗೆ 60 ಸಾವಿರ ರೂಪಾಯಿ. ಐದು ಜನರ ಸಂಸಾರಕ್ಕೆ 3 ಲಕ್ಷ. ಈ ಹಣವನ್ನು ನಮ್ಮ ಕೈಗೆ ಕೊಡಿ ಎಂದು ನಾವು ಕೇಳುತ್ತಿಲ್ಲ. ಮೂರು ಲಕ್ಷದಲ್ಲಿ ನಮ್ಮ ಗಲ್ಲಿಯ ತನಕ ಎಷ್ಟು ಬಂತು, ಅದನ್ನು ಹೇಳಿರೆಂದು ಕೇಳುತ್ತಿದ್ದೇವೆ.

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಕಾಂದಿವಲಿಯ ಆರ್-ದಕ್ಷಿಣ ವಾರ್ಡಿನಲ್ಲಿ ಎತ್ತಿದ ಹಣ, ಖರ್ಚು ಮಾಡಿದ ಹಣ, ಎರಡರ ಲೆಕ್ಕವನ್ನೂ ವರ್ಷಕ್ಕೊಮ್ಮೆ ವಾರ್ಡು ಕಚೇರಿಯ ಬಾಗಿಲಲ್ಲಿ ಮರಾಠಿಯಲ್ಲಿ ಹಚ್ಚಬೇಕು. ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ, ಅವುಗಳಲ್ಲಿ ಕನ್ನಡವೂ ಇರುವ ಪಾಲಿಕೆಗೆ ಅದನ್ನು ನಮ್ಮ ಭಾಷೆಯಲ್ಲಿಯೂ ಕೊಡುವುದು ಕಷ್ಟವಲ್ಲ.

2. ನಳ, ಗಟಾರ, ದೀಪ ಕೊಡದ ಗಲ್ಲಿಯ ಚಿಕ್ಕ ಅಂಗಡಿಗೆ ತೆರಿಗೆಯ ಬಿಲ್ಲು ಕೊಡಬಾರದು. ಮೊದಲು ಸೌಕರ್ಯ, ಆಮೇಲೆ ಬಿಲ್ಲು.

3. ಬೆಸ್ಟಿನ ಬಸ್ಸು ಹೆಚ್ಚಿಸಿ, ದರ ಇಳಿಸಬೇಕು.

4. ಪಾಲಿಕೆಯ ಖಾಯಂ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಇಡಬಾರದು. ಇಂದಿನ ಪಗಾರವನ್ನು ನಾಳಿನ ಸಾಲ ಮಾಡಬಾರದು.

5. ಮೀರಾ-ಭಾಯಂದರ್, ವಸಯಿ-ವಿರಾರಿನ ದುಡಿಯುವವರ ಚಿಕ್ಕ ಮನೆಗಳಿಗೂ ಮಾಫಿ ಸಿಗಬೇಕು, ಅದರ ನಷ್ಟವನ್ನು ರಾಜ್ಯ ಸರಕಾರ ತುಂಬಿಕೊಡಬೇಕು.

ಬೇಡಿಕೆ ಬರೆದು ಸುಮ್ಮನಿದ್ದರೆ ಆಗದು. ಒಂದೊಂದು ಚಾಳು, ಒಂದೊಂದು ಹೊಟೇಲಿನಿಂದ ಇಬ್ಬಿಬ್ಬರು ಮುಂದೆ ಬನ್ನಿ. ನಿಮ್ಮ ಗಲ್ಲಿಯಲ್ಲಿ ನಳ ಎಷ್ಟು, ನೀರು ಎಷ್ಟು ಹೊತ್ತು, ಎಷ್ಟು ಮನೆಗೆ ಒಂದು ಶೌಚಾಲಯ, ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತೀರಿ, ಜ್ವರ ಬಂದರೆ ಎಲ್ಲಿಗೆ ಓಡುತ್ತೀರಿ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಸಂಘಕ್ಕೆ ತನ್ನಿ. ಬರೆಯಲು ಬಾರದವರು ರಾತ್ರಿ ಶಾಲೆಗೆ ಹೋಗುವ ಹುಡುಗರ ಕೈಯಿಂದ ಬರೆಸಿರಿ. ಆ ಕಾಗದಗಳೇ ನಮ್ಮ ಆಯವ್ಯಯ ಪತ್ರ. ಅವನ್ನು ಹಿಡಿದುಕೊಂಡು ವಾರ್ಡು ಕಚೇರಿಗೆ ಹೋಗೋಣ.

ಪಾಲಿಕೆ ಪಾಲಿಕೆಗಳನ್ನು ತೂಗಬೇಕಾದರೆ ತೂಗೋಣ. ಆದರೆ ತಕ್ಕಡಿ ನಮ್ಮದಾಗಿರಲಿ. ಮನೆಪಟ್ಟಿ ಎಷ್ಟು ಕಡಿಮೆ, ಬ್ಯಾಂಕಿನಲ್ಲಿ ಠೇವಣಿ ಎಷ್ಟು ಹೆಚ್ಚು ಎಂಬುದು ನಮ್ಮ ತಕ್ಕಡಿಯ ಕಲ್ಲಲ್ಲ. ಮನೆಪಟ್ಟಿಯಲ್ಲಿ ಹೆಸರಿಲ್ಲದವನ ಬಾಗಿಲಿಗೆ ಎಷ್ಟು ಕೊಡ ನೀರು ಬಂತು? ಅದನ್ನು ಇಟ್ಟು ತೂಗೋಣ. ಆಗ ಯಾವ ಪಾಲಿಕೆ ಶ್ರೀಮಂತ, ಯಾವುದು ದರಿದ್ರ ಎಂಬುದು ತಾನಾಗಿ ತಿಳಿಯುತ್ತದೆ.